ಹಸಿರು ಚೌಕದ ನೆರವಿರಲಿ, ವೈದ್ಯರ ಕಣ್ಣು ಮಂಕಾಗದಿರಲಿ

ಸಂಪಾದಕರಿಗೆ,

ಮಾನ್ಯರೇ,

ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳಿನ ಒಳಭಾಗವನ್ನು ನೋಡುವ ಪರೀಕ್ಷೆ) ನಡೆಯುತ್ತಿರುವಾಗಲೇ ಪರದೆಯ ದೃಶ್ಯದ ಮೇಲೆ ಹಸಿರು ಚೌಕವೊಂದನ್ನು ಮೂಡಿಸಿ, ಪಾಲಿಪ್ (ಒಳಪದರದಲ್ಲಿ ಬೆಳೆಯುವ ಸಣ್ಣ ಗಂಟು) ಇರಬಹುದಾದ ಜಾಗವನ್ನು ವೈದ್ಯರಿಗೆ ತೋರಿಸಿಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಜ್ಞಾನವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅದನ್ನು ಕೊಳ್ಳುವ ಆಸ್ಪತ್ರೆಗಳು ಯಂತ್ರದ ಜೊತೆಗೆ ಒಂದು ಹೊಣೆಯನ್ನೂ ಹೊರಬೇಕು.

ದೊಡ್ಡಕರುಳಿನ ಒಳಪದರದಲ್ಲಿ ಬೆಳೆಯುವ ಅಡಿನೋಮಾ ಎಂಬ ಪಾಲಿಪ್‌ಗಳಲ್ಲಿ ಕೆಲವು, ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗಿ ಮಾರ್ಪಡುತ್ತವೆ. ವೈದ್ಯರ ಅಡಿನೋಮಾ ಪತ್ತೆ ಪ್ರಮಾಣವು (ಅವರು ಪರೀಕ್ಷಿಸಿದ ನೂರು ಜನರಲ್ಲಿ ಎಷ್ಟು ಮಂದಿಯಲ್ಲಿ ಒಂದಾದರೂ ಅಡಿನೋಮಾ ಸಿಕ್ಕಿತು ಎಂಬ ಲೆಕ್ಕ) ಶೇ 1ರಷ್ಟು ಹೆಚ್ಚಿದ್ದರೆ ಅವರ ರೋಗಿಗಳಿಗೆ ಮುಂದೆ ಈ ಕ್ಯಾನ್ಸರ್ ಬರುವ ಸಂಭವ ಶೇ 3ರಷ್ಟು ಕಡಿಮೆ ಇರುತ್ತದೆ ಎಂದು ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತ್ತು. ಇಟಲಿಯಲ್ಲಿ 685 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಯಂತ್ರದ ನೆರವಿಲ್ಲದ ಗುಂಪಿನಲ್ಲಿ ಈ ಪ್ರಮಾಣ ಶೇ 40.4 ಇದ್ದರೆ, ನೆರವಿದ್ದ ಗುಂಪಿನಲ್ಲಿ ಶೇ 54.8 ಇತ್ತು. ಹೆಚ್ಚುವರಿಯಾಗಿ ಸಿಕ್ಕವು ಸಣ್ಣ ಗಾತ್ರದವೇ ಆದರೂ ಇದು ಕಡೆಗಣಿಸುವಂಥ ವ್ಯತ್ಯಾಸವಲ್ಲ. ಅಲ್ಲಿ ಬಳಸಿದ 'ಜಿಐ ಜೀನಿಯಸ್' ವ್ಯವಸ್ಥೆಗೆ ಮರುವರ್ಷ ಅಮೆರಿಕದ ಔಷಧ ಹಾಗೂ ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆಯೂ ದೊರೆಯಿತು.

ನನ್ನ ಆತಂಕವಿರುವುದು ಬೇರೆ ಕಡೆ. ಪೋಲೆಂಡಿನ ನಾಲ್ಕು ಕೇಂದ್ರಗಳ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಇಂಥ ನೆರವು ಬಳಕೆಗೆ ಬರುವ ಮುನ್ನ ಶೇ 28.4 ಇದ್ದ ಪತ್ತೆ ಪ್ರಮಾಣವು, ಬಳಕೆಗೆ ಬಂದ ಬಳಿಕ, ಚೌಕವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಶೇ 22.4ಕ್ಕೆ ಇಳಿದಿತ್ತು. ಅಲ್ಲಿನ ಆ ವೈದ್ಯರೆಲ್ಲ ಸಾವಿರಾರು ಪರೀಕ್ಷೆಗಳನ್ನು ಮಾಡಿದ್ದ ಅನುಭವಿಗಳು. ಇದು ನಡೆದದ್ದನ್ನು ಗಮನಿಸಿ ದಾಖಲಿಸಿದ ವೀಕ್ಷಣಾ ಅಧ್ಯಯನವೇ ಹೊರತು ನಿಯಂತ್ರಿತ ಪ್ರಯೋಗವಲ್ಲವಾದ್ದರಿಂದ ಇಳಿಕೆಗೆ ಯಂತ್ರವೇ ಕಾರಣವೆಂದು ತೀರ್ಪು ಕೊಡಲಾಗದು. ಹಾಗೆಂದು ಸುಮ್ಮನಿರುವುದೂ ಸರಿಯಲ್ಲ, ಏಕೆಂದರೆ ನಷ್ಟವಾಗುವುದು ಮೇಜಿನ ಮೇಲೆ ಮಲಗಿದ ರೋಗಿಗೆ.

ಕ್ಯಾಮೆರಾಕ್ಕೆ ಕಾಣದ್ದು ಚೌಕಕ್ಕೂ ಕಾಣುವುದಿಲ್ಲ ಎಂಬುದನ್ನು ಮರೆಯಬಾರದು. ಕರುಳು ಚೆನ್ನಾಗಿ ಶುಚಿಯಾಗಿರದಿದ್ದರೆ, ಕೊಳವೆಯನ್ನು ಹಿಂದಕ್ಕೆ ಎಳೆದುಕೊಳ್ಳುವಾಗ ಕನಿಷ್ಠ 6 ನಿಮಿಷವಾದರೂ ನಿಧಾನವಾಗಿ ನೋಡದಿದ್ದರೆ, ಮಡಿಕೆಗಳ ಹಿಂಭಾಗವನ್ನು ತಿರುಗಿಸಿ ನೋಡದಿದ್ದರೆ, ಎಂಥ ಸಾಫ್ಟ್‌ವೇರ್ ಇದ್ದರೂ ಅಲ್ಲಿರುವ ಪಾಲಿಪ್ ಅಲ್ಲೇ ಉಳಿಯುತ್ತದೆ. ಹಿಂದಿನ ದಿನ ಶುದ್ಧಿಯ ಔಷಧಿಯನ್ನು ಹೇಗೆ, ಯಾವಾಗ ಕುಡಿಯಬೇಕೆಂದು ರೋಗಿಗೆ ಅವರ ಭಾಷೆಯಲ್ಲೇ ತಿಳಿಸಿ ಹೇಳುವ ದಾದಿಯ ಕೆಲಸಕ್ಕೆ ಯಂತ್ರದಷ್ಟೇ ಬೆಲೆಯಿದೆ ಎಂದು ನಾನು ನಂಬುತ್ತೇನೆ.

ಆದ್ದರಿಂದ ನಮ್ಮ ರಾಜ್ಯದಲ್ಲಿ ಇಂಥ ವ್ಯವಸ್ಥೆ ಅಳವಡಿಸುವ ಆಸ್ಪತ್ರೆಗಳು, ಸರ್ಕಾರಿಯಾಗಲಿ ಖಾಸಗಿಯಾಗಲಿ, ತಮ್ಮ ಪ್ರತಿಯೊಬ್ಬ ವೈದ್ಯರ ಪತ್ತೆ ಪ್ರಮಾಣವನ್ನು ಚೌಕದ ನೆರವಿನೊಂದಿಗೆ ಮತ್ತು ನೆರವಿಲ್ಲದೆ ಪ್ರತ್ಯೇಕವಾಗಿ ದಾಖಲಿಸಬೇಕು; ತರಬೇತಿಯಲ್ಲಿರುವ ಕಿರಿಯ ವೈದ್ಯರು ಮೊದಲು ಬರಿಗಣ್ಣಿನಿಂದ ಪಳಗಿದ ಮೇಲಷ್ಟೇ ಅವರಿಗೆ ಈ ನೆರವು ಸಿಗಬೇಕು; ಕೇಳಿದ ರೋಗಿಗೆ ಈ ಅಂಕಿಗಳನ್ನು ಮುಚ್ಚಿಡದೆ ತಿಳಿಸಬೇಕು.

ಇತಿ,
ಒಬ್ಬ ನಿವೃತ್ತ ವೈದ್ಯ, ಧಾರವಾಡ