ಮೊಣಕಾಲಿನ ಕೆಳಗೆ ನೋವಿದೆಯೇ? ಸೈಕಲ್ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ತುಳಿಯಲು ಶುರುಮಾಡಿ ಪ್ರತಿ ಸಲ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಾಲು ಬಿಗಿದು ನೋಯುತ್ತದೆ, ನಿಲ್ಲಿಸಿದ 15–30 ನಿಮಿಷಕ್ಕೆ ಇಳಿಯುತ್ತದೆ ಎಂದರೆ ಬರೀ ಸುಸ್ತೆಂದು ತಳ್ಳಿಹಾಕಬೇಡಿ. ಇದು ವ್ಯಾಯಾಮದಿಂದ ಬರುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಇರಬಹುದು.

ಕೆಳಗಾಲಿನ ಸ್ನಾಯುಗಳು 4 ಕೋಶಗಳಲ್ಲಿವೆ. ಸುತ್ತಲಿನ ಪೊರೆ ಹೆಚ್ಚು ಹಿಗ್ಗದು. ದುಡಿದು ಉಬ್ಬಿದ ಸ್ನಾಯುವಿಗೆ ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ, ರಕ್ತದ ಹರಿವು ತಗ್ಗುತ್ತದೆ, ನರ ಅದುಮಿಕೊಳ್ಳುತ್ತದೆ. ಮುಂಭಾಗದ ಕೋಶವಾದರೆ ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಜೋಮು ಹಿಡಿಯುತ್ತದೆ, ಪಾದ ಮೇಲೆತ್ತುವುದೇ ಕಷ್ಟವಾಗುತ್ತದೆ. ಮೂಳೆಯ ಒಂದೇ ಜಾಗ ಮುಟ್ಟಿದರೆ ನೋವು, ರಾತ್ರಿಯೂ ನೋವು ಎಂದರೆ ಮೂಳೆಯ ಸಣ್ಣ ಬಿರುಕಿನ ಅನುಮಾನ. ಅದು ಬೇರೆಯೇ ತೊಂದರೆ.

ಪೆಡಲನ್ನು ಜೋರಾಗಿ ಮೇಲಕ್ಕೆ ಎಳೆಯುವವರಿಗೆ ಮುಂಭಾಗಕ್ಕೆ ಹೊರೆ. ಕ್ಲೀಟ್ (ಶೂ ಅಡಿಯಲ್ಲಿದ್ದು ಪೆಡಲಿಗೆ ಸಿಕ್ಕಿಕೊಳ್ಳುವ ತುಂಡು) ತೀರಾ ಮುಂದಿದ್ದರೆ ಮೀನಖಂಡಕ್ಕೆ. ಕ್ಲೀಟನ್ನು 2–3 ಮಿ.ಮೀ. ಹಿಂದೆ ಸರಿಸಿ ಕೆಲವು ಸವಾರಿ ನೋಡಿ, ಆಮೇಲಷ್ಟೇ ಸೀಟಿಗೆ ಕೈಹಾಕಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ನೋವು ಹೋಗದಿದ್ದರೆ ಕ್ರೀಡಾ ವೈದ್ಯರಲ್ಲಿ ಕೋಶದೊಳಗಿನ ಒತ್ತಡ ಅಳೆಸಿಕೊಳ್ಳಿ. ಸಾಮಾನ್ಯವಾಗಿ ಬಳಸುವ ಮಿತಿ: ವ್ಯಾಯಾಮಕ್ಕೆ ಮುಂಚೆ 15, ಮುಗಿದ 1 ನಿಮಿಷಕ್ಕೆ 30, 5 ನಿಮಿಷಕ್ಕೆ 20 ಮಿ.ಮೀ. ಪಾದರಸ (ಒತ್ತಡದ ಅಳತೆ). ಇವುಗಳಲ್ಲಿ ಒಂದನ್ನಾದರೂ ಮುಟ್ಟಿದರೆ ಅಥವಾ ಮೀರಿದರೆ ಈ ತೊಂದರೆ ಇದೆಯೆಂದು ಲೆಕ್ಕ. ಪರೀಕ್ಷೆಗೆ ಮುಂಚೆ ಸೈಕಲ್ಲನ್ನೇ ತುಳಿದು ನೋವು ಬರಿಸಿ. ಟ್ರೆಡ್‌ಮಿಲ್ ಓಟದಲ್ಲಿ ನಿಮ್ಮ ನೋವು ಕಾಣಿಸದೇ ಹೋಗಬಹುದು.

ಪೆಟ್ಟಿನಿಂದ ಇದೇ ಒತ್ತಡ ದಿಢೀರನೆ ಏರುವುದೂ ಉಂಟು. ಬಿದ್ದು ಪೆಟ್ಟಾದ ಮೇಲೆ ಕಾಲು ಕಲ್ಲಿನಂತಾಗಿ, ಕಾಲ್ಬೆರಳು ಬಾಗಿಸಿದರೂ ತಡೆಯಲಾಗದ ನೋವಿದ್ದರೆ ಕಾಯಲೇಬೇಡಿ. ಬಿಗಿ ಪಟ್ಟಿ ಬಿಚ್ಚಿ, ಕಾಲನ್ನು ಹೃದಯದ ಮಟ್ಟದಲ್ಲೇ ಇಟ್ಟು ತಕ್ಷಣ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ; ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ.