ಒಂದೇ ಪದದ ಉತ್ತರ

ಪ್ರಿಯ ಗೆಳೆಯ,

ನಿನ್ನ ಪತ್ರ ಕೈ ಸೇರಿತು. ಪರೀಕ್ಷೆಗೆ ಅಂತ ದಿನಕ್ಕೆ ಇಪ್ಪತ್ತು ಇಂಗ್ಲಿಷ್ ಪದ ಉರು ಹೊಡೆಯುತ್ತಿದ್ದೀಯ, ಬೆಳಗಾದರೆ ಅರ್ಧವೂ ನೆನಪಿರುವುದಿಲ್ಲ ಎಂದು ಬರೆದಿದ್ದೀಯ. ಓದಿ ಬೇಜಾರಾಯಿತು. ಆ ಪದಗಳ ಒಳಗೆ ಜನ ಇದ್ದಾರೆ, ಊರುಗಳಿವೆ. ಅವರ ಪರಿಚಯವಾದರೆ ಪದ ಬಿಟ್ಟು ಹೋಗುವುದಿಲ್ಲ.

ನಿನ್ನ ಪಟ್ಟಿಯ 'ಲಕಾನಿಕ್' ತಗೋ. ಎದುರಿಗೆ 'ಮಿತಭಾಷಿ' ಎಂದು ಬರೆದುಕೊಂಡಿದ್ದೀಯ. ಅರ್ಥ ಸರಿ, ಆದರೆ ಜೀವ ಇಲ್ಲ. ಲಕೋನಿಯಾ ಎಂಬುದು ಗ್ರೀಸಿನ ಒಂದು ಸೀಮೆ, ಸ್ಪಾರ್ಟಾ ಇರುವುದು ಅಲ್ಲೇ. ಅಲ್ಲಿಯವರದು ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ. ಅಲೆಕ್ಸಾಂಡರನ ಅಪ್ಪ ಎರಡನೇ ಫಿಲಿಪ್ ಅವರಿಗೊಂದು ಬೆದರಿಕೆಯ ಓಲೆ ಕಳಿಸಿದನಂತೆ: ನಿಮ್ಮ ನಾಡಿಗೆ ನುಗ್ಗಿದರೆ ನಿಮ್ಮನ್ನು ಅಲ್ಲಿಂದ ಎಬ್ಬಿಸುತ್ತೇನೆ. ವಾಪಸ್ ಬಂದದ್ದು ಒಂದೇ ಪದ. ಇಂಗ್ಲಿಷಿನವರು ಅದನ್ನು 'ಇಫ್' ಎನ್ನುತ್ತಾರೆ. ಹಳೇ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿಟ್ಟ ಕಥೆ ಇದು.

ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದು ಅಂತ ಒಂದು ಸಂಜೆ ಪೂರ್ತಿ ಯೋಚಿಸಿದೆ. 'ಒಂದು ವೇಳೆ' ಅಂದರೆ ಸಪ್ಪೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ಬಂದರೆ, ಹೋದರೆ, ಗೆದ್ದರೆ. ಹಾಗಾಗಿ ಕನ್ನಡದಲ್ಲಿ ಆ ಉತ್ತರ 'ನುಗ್ಗಿದರೆ', ಅಷ್ಟೇ.

ಆಗ ನಮ್ಮಜ್ಜ ನೆನಪಾದ. ತೆಂಗಿನ ತೋಟ ಕೇಳಲು ಬಂದವನೊಬ್ಬ ಜಗಲಿಯ ಮೇಲೆ ಕೂತು ಅರ್ಧ ಗಂಟೆ ಲೆಕ್ಕ ಹೇಳಿದ. ಕೊನೆಗೆ, "ಯಜಮಾನ್ರೇ, ನೀವು ಕೊಟ್ಟರೆ ಊರಲ್ಲಿ ಯಾರಿಗೂ ಸಿಗದ ರೇಟು ಕೊಡಿಸ್ತೀನಿ" ಅಂದ. ಅಜ್ಜ ಅಡಿಕೆ ಕತ್ತರಿಸುತ್ತಿದ್ದವನು ತಲೆ ಎತ್ತಲಿಲ್ಲ. "ಕೊಟ್ಟರೆ" ಅಂದ. ಬಂದವನು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದ. ಲಕಾನಿಕ್ ಅಂದರೆ ನನಗೀಗ ಅಡಕತ್ತರಿಯ ಆ ಕಟಕ್ ಸದ್ದು.

'ಟ್ಯಾಂಟಲೈಸಿಂಗ್' ಒಳಗೆ ಗ್ರೀಕ್ ಪುರಾಣದ ಟ್ಯಾಂಟಲಸ್ ಎಂಬ ರಾಜ ನಿಂತಿದ್ದಾನೆ, ಗಲ್ಲದವರೆಗೆ ನೀರಿನಲ್ಲಿ. ಕುಡಿಯಲು ಬಗ್ಗಿದರೆ ನೀರು ಇಳಿಯುತ್ತದೆ, ತಲೆ ಮೇಲಿನ ಹಣ್ಣಿಗೆ ಕೈ ಚಾಚಿದರೆ ಕೊಂಬೆ ದೂರ ಸರಿಯುತ್ತದೆ. ನಮ್ಮ 'ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ' ಇದೆಯಲ್ಲ, ಅದೇ ನೋವು. ಆದರೆ ಇವನಿಗೆ ಅದು ಮುಗಿಯುವುದೇ ಇಲ್ಲ. 1802ರಲ್ಲಿ ಸ್ವೀಡನ್ನಿನ ರಸಾಯನವಿಜ್ಞಾನಿ ಎಕೆಬರ್ಗ್ ಹೊಸ ಲೋಹವೊಂದನ್ನು ಕಂಡುಹಿಡಿದ. ಆಮ್ಲದಲ್ಲಿ ಮುಳುಗಿಸಿದರೂ ಅದು ಏನನ್ನೂ ಹೀರಿಕೊಳ್ಳಲಿಲ್ಲ. ಅದಕ್ಕೇ ಟ್ಯಾಂಟಲಮ್ ಎಂದು ಹೆಸರಿಟ್ಟ.

'ಜೋವಿಯಲ್', 'ಸ್ಯಾಟರ್ನೈನ್' ಎರಡನ್ನೂ ನೀನು ಕಷ್ಟಪಟ್ಟು ಕಲಿಯಬೇಕಿಲ್ಲ. ಜೋವ್ ಅಂದರೆ ಗುರು, ಸ್ಯಾಟರ್ನ್ ಅಂದರೆ ಶನಿ. ಗುರುಬಲ, ಶನಿಕಾಟ ಎರಡೂ ನಿನಗೆ ಗೊತ್ತು. ಒಂದು ನಗುಮುಖ, ಇನ್ನೊಂದು ಗಂಟುಮುಖ.

ಕೊನೆಯದು 'ಸೆರೆಂಡಿಪಿಟಿ'. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ನಮ್ಮ ಸಿಂಹಳದ್ವೀಪ ಅರಬ್ಬರ ಬಾಯಲ್ಲಿ ಸರಂದೀಬ್ ಆಯಿತು. ಅಲ್ಲಿಯ ಮೂವರು ರಾಜಕುಮಾರರ ಕಥೆಯೊಂದಿದೆ. ದಾರಿಯ ಒಂದೇ ಪಕ್ಕದ ಹುಲ್ಲು ಮೇದಿರುವುದನ್ನು ನೋಡಿ, ಮುಂದೆ ಹೋದ ಒಂಟೆಗೆ ಒಂದು ಕಣ್ಣಿಲ್ಲ ಎಂದು ಹೇಳಿಬಿಡುತ್ತಾರೆ. ಹುಡುಕದೆ ಇದ್ದದ್ದು ಕಣ್ಣಿಗೆ ಬಿತ್ತು, ಜೊತೆಗೆ ಬುದ್ಧಿಯೂ ಚುರುಕಾಗಿತ್ತು. ಬರೀ ಅದೃಷ್ಟ ಅಲ್ಲ ಅದು. ಈ ಕಥೆ ಹಿಡಿದು ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ ಆ ಪದ ಕಟ್ಟಿದ್ದು 1754ರ ಜನವರಿ 28ರಂದು, ದೂರದ ಫ್ಲಾರೆನ್ಸ್‌ನಲ್ಲಿದ್ದ ಗೆಳೆಯನಿಗೆ ಬರೆದ ಪತ್ರದಲ್ಲಿ.

ನಿನ್ನ ಪಟ್ಟಿಯಲ್ಲಿ ಜಾಸ್ತಿ ಕಾಡುವ ಐದು ಪದ ಆರಿಸಿ ಕಳಿಸು. ಅರ್ಥ ಬರೆಯಬೇಡ, ಸುಮ್ನೆ ಪದ ಮಾತ್ರ ಸಾಕು.

ನಿನ್ನ ಗೆಳೆಯ