ಭಾನುವಾರದ ಕ್ಲಾಸಿಗೆ ಮೊದಲು ನ್ಯಾನೊ ಸ್ವಲ್ಪ ಮುಟ್ಟಿ ನೋಡಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಕದ್ರಿಯಲ್ಲಿ ಸೇರುವಾಗ ಟರ್ಮಿನಲ್ಲಿನಲ್ಲೇ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲೇ, ಫೈಲ್ ತಿದ್ದುವುದಿದೆ. ಅದಕ್ಕೆ ಬಳಸುವ ವಿಮ್ ಎಂಬ ಎಡಿಟರ್ ಕಂಡು ಹೆದರಿದವರೇ ಜಾಸ್ತಿ ಅಲ್ವಾ, ಹಾಗಾಗಿ ನ್ಯಾನೊ ಎಂಬ ಸುಲಭದ ಎಡಿಟರಿನಿಂದ ಶುರು ಮಾಡುವ.

ಟರ್ಮಿನಲ್ಲಿನಲ್ಲಿ ನ್ಯಾನೊ ಅಂತ ಇಂಗ್ಲಿಷಿನಲ್ಲಿ ಬರೆದು, ಒಂದು ಸ್ಪೇಸ್ ಬಿಟ್ಟು, ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತಿ. ಆ ಹೆಸರಿನ ಫೈಲ್ ಇಲ್ಲದಿದ್ದರೆ ಹೊಸ ಪುಟ ತೆರೆಯುತ್ತದೆ. ಸುಮ್ನೆ ಟೈಪ್ ಮಾಡುತ್ತಾ ಹೋಗಿ.

ಕೆಳಗಿನ ಎರಡು ಸಾಲಲ್ಲಿ ಟೋಪಿಯಂಥ ಚಿಹ್ನೆ, ಪಕ್ಕದಲ್ಲಿ ಒಂದು ಅಕ್ಷರ ಕಾಣುತ್ತದೆ. ಆ ಟೋಪಿ ಅಂದರೆ ಕಂಟ್ರೋಲ್ ಕೀ. ನಾನು ಮೊದಲ ದಿನ ಶಿಫ್ಟ್ ಮತ್ತು 6 ಒತ್ತಿ ಟೋಪಿಯನ್ನೇ ಟೈಪ್ ಮಾಡುತ್ತಾ ಕೂತಿದ್ದೆ ಮಾರಾಯ್ರೆ!

ಉಳಿಸಲು ಕಂಟ್ರೋಲ್ ಮತ್ತು ಓ. ಫೈಲಿನ ಹೆಸರು ಕೇಳುತ್ತದೆ, ಎಂಟರ್ ಒತ್ತಿದರೆ ಮಾತ್ರ ಉಳಿಯುತ್ತದೆ. ಇಲ್ಲೇ ಹೆಚ್ಚಿನವರು ತಪ್ಪುವುದು. ಹೊರಬರಲು ಕಂಟ್ರೋಲ್ ಮತ್ತು ಎಕ್ಸ್. ತಿದ್ದಿದ್ದು ಉಳಿಸದೆ ಹೊರಟರೆ 'ಉಳಿಸಲೇ?' ಎಂದು ಕೇಳುತ್ತದೆ. ಹೌದಾದರೆ ವೈ, ಬೇಡವಾದರೆ ಎನ್.

ಕಂಟ್ರೋಲ್ ಮತ್ತು ಕೆ ಒತ್ತಿದರೆ ಇಡೀ ಸಾಲು ಕತ್ತರಿಸುತ್ತದೆ. ಮೂರು ಸಲ ಒತ್ತಿ, ಬೇರೆ ಕಡೆ ಹೋಗಿ ಕಂಟ್ರೋಲ್ ಮತ್ತು ಯು ಒತ್ತಿ. ಮೂರೂ ಸಾಲು ಒಟ್ಟಿಗೆ ಬಂದು ಕೂರುತ್ತವೆ. ಕೈತಪ್ಪಿ ಏನಾದರೂ ಆದರೆ ಆಲ್ಟ್ ಮತ್ತು ಯು ಒತ್ತಿ, ಮಾಡಿದ್ದು ರದ್ದಾಗುತ್ತದೆ.

ಹುಡುಕಲು ಕಂಟ್ರೋಲ್ ಮತ್ತು ಡಬ್ಲ್ಯು. ಬ್ರೌಸರಿನೊಳಗಿನ ಟರ್ಮಿನಲ್ ಬಳಸುವವರು ಜಾಗ್ರತೆ, ಟ್ಯಾಬೇ ಮುಚ್ಚಿಹೋದೀತು.

ಮಳೆಗೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಯೇ ತನ್ನಿ.